ಕಂಪೈಲ್ ಆಯಿತು, ಕಿಟಕಿ ಬರಲಿಲ್ಲ: ಜಾವಾ ಕಲಿಯುವವರಿಗೆ ದೋಷ ನಿವಾರಣೆ ಕೈಪಿಡಿ

ಜಾವಾ ಕಲಿಯುವವರ ಆರಂಭದ ವಾರಗಳನ್ನು ತಿಂದುಹಾಕುವ ದೋಷಗಳಲ್ಲಿ ಹೆಚ್ಚಿನವು ತರ್ಕದ ದೋಷಗಳಲ್ಲ. ಲೆಕ್ಕ ಸರಿ ಇರುತ್ತದೆ, ಲೂಪ್ ಸರಿ ಇರುತ್ತದೆ. ಆದರೆ ಫೈಲ್ ಒಂದು ಕಡೆ, ಅದನ್ನು ಹುಡುಕುವ ಆದೇಶ ಇನ್ನೊಂದು ಕಡೆ, ಹೋದ ವಾರದ ಕ್ಲಾಸ್ ಫೈಲ್ (ಕಂಪೈಲ್ ಮಾಡಿದಾಗ ಹುಟ್ಟುವ ಫೈಲ್) ಮತ್ತೊಂದು ಕಡೆ. ಆದರೂ ಎರರ್ ಕಂಡ ಕೂಡಲೇ ಎಲ್ಲರ ಕೈ ಹೋಗುವುದು ಕೋಡ್ ತಿದ್ದುವುದಕ್ಕೆ. ನೆಟ್ಟಗಿದ್ದ ಸಾಲುಗಳೂ ಆಗ ಕೆಟ್ಟು, ಒಂದಿದ್ದ ದೋಷ ಎರಡಾಗುತ್ತದೆ. ಹಾಗಾಗಿ ಈ ಕೈಪಿಡಿಗೆ ಇರುವುದು ಒಂದೇ ಹಟ: ದೂರು ಕೊಟ್ಟವರು ಯಾರೆಂದು ಗೊತ್ತಾಗುವ ತನಕ ಕೋಡ್ ಮುಟ್ಟಬೇಡಿ.

ಇಲ್ಲಿ ಆದೇಶಗಳನ್ನೂ ಸಂದೇಶಗಳನ್ನೂ ಉಚ್ಚಾರಣೆಗೆ ತಕ್ಕಂತೆ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲೇ. ಕಿಟಕಿ ಎಂದರೆ ಪ್ರೋಗ್ರಾಮ್ ಪರದೆಯ ಮೇಲೆ ತೆರೆಯುವ ವಿಂಡೋ. ಎಕ್ಲಿಪ್ಸ್, ಇಂಟೆಲ್ಲಿಜೆಯಂಥ ತಂತ್ರಾಂಶ ಬಳಸುವವರೂ ದೋಷ ಹುಡುಕುವಾಗ ಒಮ್ಮೆ ಕಮಾಂಡ್ ಪ್ರಾಂಪ್ಟ್ ಅಥವಾ ಟರ್ಮಿನಲ್‌ಗೆ ಬನ್ನಿ. ಆ ತಂತ್ರಾಂಶಗಳು ಕಲಿಯುವವರಿಗೆ ಮಾಡುವ ಉಪಕಾರವೂ ಅಪಕಾರವೂ ಒಂದೇ: ಫೋಲ್ಡರ್ ವ್ಯವಹಾರವನ್ನೆಲ್ಲ ಕಣ್ಣಿಗೆ ಬೀಳದಂತೆ ಮುಚ್ಚಿಡುತ್ತವೆ.

ದೂರು ಕೊಟ್ಟವರು ಯಾರು?

ಸಂದೇಶದ ಮೊದಲ ಸಾಲು ಫೈಲ್ ಹೆಸರು, ಸಾಲಿನ ಸಂಖ್ಯೆ, 'ಎರರ್' ಎಂಬ ಪದ, ಕೆಳಗೊಂದು ಮೊನಚು ಗುರುತು ಎಂಬ ರೂಪದಲ್ಲಿದ್ದರೆ ಮಾತಾಡಿದ್ದು ಕಂಪೈಲರ್, ಅಂದರೆ ಜಾವಾಸಿ. ಪ್ರೋಗ್ರಾಮ್ ಇನ್ನೂ ಹುಟ್ಟಿಯೇ ಇಲ್ಲ. 'ಕುಡ್ ನಾಟ್ ಫೈಂಡ್ ಆರ್ ಲೋಡ್ ಮೇನ್ ಕ್ಲಾಸ್' ಎಂದಿದ್ದರೆ ಮಾತಾಡಿದ್ದು ಚಾಲನೆ ಕೊಡುವ ಜಾವಾ ಆದೇಶ. ಕ್ಲಾಸ್ ಫೈಲ್ ಅದಕ್ಕೆ ಸಿಕ್ಕಿಲ್ಲ, ಅಥವಾ ಸಿಕ್ಕದ್ದು ಅದು ಕೇಳಿದ್ದಲ್ಲ. ಆ ಕ್ಷಣದಲ್ಲಿ ನಿಮ್ಮ ಮೇನ್ ಮೆಥಡ್‌ನ ಒಂದು ಸಾಲೂ ಓಡಿಲ್ಲ, ಆದ್ದರಿಂದ ಅದನ್ನು ತಿದ್ದುವುದು ವ್ಯರ್ಥ. 'ಎಕ್ಸೆಪ್ಶನ್ ಇನ್ ಥ್ರೆಡ್' ಎಂದು ಶುರುವಾಗಿ ಕೆಳಗೆ 'ಆಟ್' ಎಂಬ ಸಾಲುಗಳು ಸಾಲುಗಟ್ಟಿದ್ದರೆ ಓಡುತ್ತಿದ್ದ ಪ್ರೋಗ್ರಾಮ್ ಮುಗ್ಗರಿಸಿದೆ. ಥ್ರೆಡ್ (ಪ್ರೋಗ್ರಾಮ್‌ನೊಳಗಿನ ಒಂದು ಕೆಲಸದ ಹರಿವು) ಹೆಸರನ್ನೂ ನೋಡಿ: 'ಮೇನ್' ಎಂದಿದ್ದರೆ ನೇರ ಹರಿವಿನಲ್ಲಿ, 'ಎಡಬ್ಲ್ಯುಟಿ-ಇವೆಂಟ್‌ಕ್ಯೂ-0' ಎಂದಿದ್ದರೆ ಕಿಟಕಿಯ ಕೆಲಸದಲ್ಲಿ.

ಇನ್ನು ನಾಲ್ಕನೆಯದು ಮೌನ. ಎರರ್ ಇಲ್ಲ, ಆದರೆ ಆಗಬೇಕಾದ್ದು ಆಗಿಲ್ಲ. ಕಿಟಕಿಗಳ ಕಾಯಿಲೆಯಲ್ಲಿ ಮುಕ್ಕಾಲು ಪಾಲು ಇದೇ. ಅದಕ್ಕೆ ಕೆಳಗೆ ಹೆಚ್ಚು ಜಾಗ ಕೊಟ್ಟಿದೆ.

ಕಂಪೈಲರ್ ದೂರುಗಳು

ಇವು ಸುಲಭ, ಬೇಗ ಮುಗಿಸೋಣ. ಎರರ್‌ಗಳ ರಾಶಿ ಬಿದ್ದರೆ ಮೇಲಕ್ಕೆ ಹೋಗಿ ಮೊದಲನೆಯದನ್ನು ಮಾತ್ರ ಸರಿಪಡಿಸಿ, ಮತ್ತೆ ಕಂಪೈಲ್ ಮಾಡಿ; ಉಳಿದವು ಹಲವು ಸಲ ಅದರ ಮರಿಗಳು. 'ಜಾವಾಸಿ' ಎಂಬ ಆದೇಶವೇ ಸಿಗುತ್ತಿಲ್ಲ ಎಂದರೆ ಜೆಡಿಕೆ (ಕಂಪೈಲರ್ ಸಮೇತ ಬರುವ ಜಾವಾ ಕಟ್ಟು) ಸ್ಥಾಪನೆಯಾಗಿಲ್ಲ, ಅಥವಾ ಅದರ ಬಿನ್ ಫೋಲ್ಡರ್ ಪಾತ್‌ನಲ್ಲಿ, ಅಂದರೆ ಆದೇಶಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿಯಲ್ಲಿ, ಇಲ್ಲ. ಪಬ್ಲಿಕ್ ಕ್ಲಾಸ್‌ನ ಹೆಸರು ಮತ್ತು ಫೈಲ್ ಹೆಸರು ದೊಡ್ಡಕ್ಷರ ಸಣ್ಣಕ್ಷರ ಸಮೇತ ಒಂದೇ ಇರಬೇಕು. ನೋಟ್‌ಪ್ಯಾಡ್‌ನಲ್ಲಿ ಉಳಿಸಿದ ಫೈಲ್ 'ಕಿಟಕಿ.ಜಾವಾ.ಟಿಎಕ್ಸ್‌ಟಿ' ಆಗಿ ಕೂತಿರಬಹುದು. ವಿಂಡೋಸ್ ಬಾಲವನ್ನು ಅಡಗಿಸುವುದರಿಂದ ಎಕ್ಸ್‌ಪ್ಲೋರರ್‌ನಲ್ಲಿ ಅದು ಕಾಣುವುದಿಲ್ಲ. 'ಡಿಐಆರ್' ಆದೇಶ ಕೊಟ್ಟರೆ ನಿಜ ಹೊರಬೀಳುತ್ತದೆ.

'ಕೆನಾಟ್ ಫೈಂಡ್ ಸಿಂಬಲ್' ಎಂದು ಆಕ್ಷನ್‌ಲಿಸನರ್ ಮೇಲೆ ಬೆರಳು ತೋರಿಸಿದರೆ ಇಂಪೋರ್ಟ್ ಸಾಲು ನೋಡಿ. ಜಾವಾ.ಎಡಬ್ಲ್ಯುಟಿ (ಕಿಟಕಿ ಕಟ್ಟುವ ಜಾವಾದ ಹಳೆಯ ಸಾಮಗ್ರಿ) ನಂತರ ನಕ್ಷತ್ರ ಹಾಕಿದರೆ ಆ ಪ್ಯಾಕೇಜ್‌ನ ಕ್ಲಾಸ್‌ಗಳು ಮಾತ್ರ ಬರುತ್ತವೆ. ಜಾವಾ.ಎಡಬ್ಲ್ಯುಟಿ.ಇವೆಂಟ್ ಬೇರೆಯದೇ ಪ್ಯಾಕೇಜ್. ಹೆಸರಿನಲ್ಲಿ ಮಾತ್ರ ಒಳಗಿದ್ದಂತೆ ಕಾಣುತ್ತದೆ. ಅದಕ್ಕೆ ಪ್ರತ್ಯೇಕ ಇಂಪೋರ್ಟ್ ಬೇಕು. ತಿರುಗಾಮುರುಗಾ ತೊಂದರೆಯೂ ಉಂಟು: ಎಡಬ್ಲ್ಯುಟಿ ಮತ್ತು ಯುಟಿಲ್ ಎರಡಕ್ಕೂ ನಕ್ಷತ್ರ ಹಾಕಿದರೆ 'ಲಿಸ್ಟ್' ಯಾವುದು ಎಂದು ಕಂಪೈಲರ್ ಗೊಂದಲಕ್ಕೆ ಬೀಳುತ್ತದೆ, ಸ್ವಿಂಗ್ (ಕಿಟಕಿ ಕಟ್ಟುವ ಇನ್ನೊಂದು ಸಾಮಗ್ರಿ) ಮತ್ತು ಯುಟಿಲ್ ಸೇರಿದರೆ 'ಟೈಮರ್' ವಿಷಯದಲ್ಲಿ ಅದೇ ಪಾಡು. ಬೇಕಾದ ಕ್ಲಾಸ್ ಅನ್ನು ಪೂರ್ಣ ಹೆಸರಿನಿಂದ ಇಂಪೋರ್ಟ್ ಮಾಡಿದರೆ ಜಗಳ ಮುಗಿಯಿತು.

ಅಭ್ಯಾಸಕ್ಕೆಂದು ಬರೆದ ಕ್ಲಾಸ್‌ಗೆ 'ಸ್ಟ್ರಿಂಗ್' ಎಂದೇ ಹೆಸರಿಟ್ಟವರು ಬೇರೊಂದು ಬಲೆಗೆ ಬೀಳುತ್ತಾರೆ. ಕಂಪೈಲ್ ಸಲೀಸಾಗಿ ಆಗುತ್ತದೆ, ಓಡಿಸಿದರೆ 'ಮೇನ್ ಮೆಥಡ್ ನಾಟ್ ಫೌಂಡ್' ಎನ್ನುತ್ತದೆ. ಮೇನ್‌ನ ಆವರಣದೊಳಗಿನ ಸ್ಟ್ರಿಂಗ್ ಈಗ ಜಾವಾದ್ದಲ್ಲ, ನಿಮ್ಮದು!

ಕ್ಲಾಸ್ ಫೈಲ್‌ಗಳು: ಹಳಸಿದವು, ಕಳೆದುಹೋದವು

'ಅನ್‌ಸಪೋರ್ಟೆಡ್ ಕ್ಲಾಸ್ ವರ್ಷನ್' ಎಂಬ ಎರರ್ ನೋಡಲು ಭಯಂಕರ, ಒಳಗೆ ಸರಳ. ಪ್ರತಿ ಕ್ಲಾಸ್ ಫೈಲ್‌ನ ತಲೆಯಲ್ಲಿ ಒಂದು ಆವೃತ್ತಿ ಸಂಖ್ಯೆ ಇರುತ್ತದೆ. ಅದರಿಂದ 44 ಕಳೆದರೆ ಜಾವಾ ಆವೃತ್ತಿ ಸಿಗುತ್ತದೆ: 52 ಎಂದರೆ ಜಾವಾ 8, 55 ಎಂದರೆ 11, 61 ಎಂದರೆ 17, 65 ಎಂದರೆ 21. ಸಂದೇಶದಲ್ಲಿ 61 ಮತ್ತು 52 ಎರಡೂ ಕಂಡರೆ, ಮನೆಯ ಲ್ಯಾಪ್‌ಟಾಪ್‌ನ ಜಾವಾ 17ರಲ್ಲಿ ಕಂಪೈಲ್ ಮಾಡಿದ್ದನ್ನು ಲ್ಯಾಬ್‌ನ ಜಾವಾ 8ರಲ್ಲಿ ಓಡಿಸುತ್ತಿದ್ದೀರಿ ಎಂದರ್ಥ. ಲ್ಯಾಬ್‌ನಲ್ಲೇ ಮತ್ತೆ ಕಂಪೈಲ್ ಮಾಡಿ, ಅಥವಾ ಮನೆಯಲ್ಲಿ 'ಜಾವಾಸಿ --ರಿಲೀಸ್ 8' ಎಂದು ಕೊಡಿ. ಒಂದೇ ಯಂತ್ರದಲ್ಲಿ ಹೀಗಾದರೆ 'ಜಾವಾ -ವರ್ಷನ್' ಮತ್ತು 'ಜಾವಾಸಿ -ವರ್ಷನ್' ಎರಡನ್ನೂ ಕೇಳಿ ನೋಡಿ. ಉತ್ತರ ಬೇರೆ ಬೇರೆ ಬಂದರೆ ಎರಡು ಜಾವಾ ಸ್ಥಾಪನೆಯಾಗಿದ್ದು, ಪಾತ್ ಒಂದನ್ನು ಅಲ್ಲಿಂದ, ಇನ್ನೊಂದನ್ನು ಇಲ್ಲಿಂದ ಎತ್ತುತ್ತಿದೆ.

ಪೆನ್‌ಡ್ರೈವ್‌ನಲ್ಲಿ 'ಕಿಟಕಿ.ಕ್ಲಾಸ್' ಒಂದನ್ನೇ ಒಯ್ದವರಿಗೆ 'ನೋ ಕ್ಲಾಸ್ ಡೆಫ್ ಫೌಂಡ್' ಎರರ್‌ನಲ್ಲಿ 'ಕಿಟಕಿ, ಡಾಲರ್ ಚಿಹ್ನೆ, 1' ಎಂಬ ವಿಚಿತ್ರ ಹೆಸರು ಕಾಣುತ್ತದೆ. ಹೆಸರಿಲ್ಲದ ಒಳ ಕ್ಲಾಸ್ ಬರೆದಾಗ, ಉದಾಹರಣೆಗೆ ಬಟನ್‌ಗೆ ಲಿಸನರ್ (ಒತ್ತಿದಾಗ ಓಡುವ ಕೋಡ್) ಹಚ್ಚುವಾಗ, ಜಾವಾಸಿ ಅದಕ್ಕೊಂದು ಪ್ರತ್ಯೇಕ ಫೈಲ್ ಮಾಡುತ್ತದೆ. ಅದೂ ಜೊತೆಗೆ ಹೋಗಬೇಕು. ಲ್ಯಾಂಬ್ಡಾ ಬಳಸಿದರೆ ಇಂಥ ಫೈಲ್ ಹುಟ್ಟುವುದಿಲ್ಲ.

ಈಗ ಎಲ್ಲಕ್ಕಿಂತ ಕಪಟಿಯಾದ ದೋಷ. 'ಅಳತೆ' ಎಂಬ ಕ್ಲಾಸ್‌ನಲ್ಲಿ ಅಗಲ ಎಂಬ ಸ್ಟ್ಯಾಟಿಕ್ ಫೈನಲ್ ಇಂಟ್ ಇದೆ, ಬೆಲೆ 400. 'ಕಿಟಕಿ' ಕ್ಲಾಸ್ ಅದನ್ನು ಸೆಟ್‌ಸೈಜ್‌ಗೆ ಕೊಡುತ್ತದೆ. ಅಗಲವನ್ನು 600 ಮಾಡಿದಿರಿ, 'ಅಳತೆ'ಯನ್ನು ಕಂಪೈಲ್ ಮಾಡಿದಿರಿ, ಓಡಿಸಿದಿರಿ. ಕಿಟಕಿ ಇನ್ನೂ 400ರಲ್ಲೇ ಇದೆ. ಮತ್ತೆ ಉಳಿಸಿ, ಮತ್ತೆ ಓಡಿಸಿ, ಕಂಪ್ಯೂಟರ್ ಮರುಚಾಲೂ ಮಾಡಿದರೂ 400. ಕಾರಣ ಇಷ್ಟೆ: ಕಂಪೈಲ್ ಸಮಯದಲ್ಲೇ ಬೆಲೆ ಗೊತ್ತಿರುವ ಇಂಥ ಸ್ಥಿರಾಂಕವನ್ನು ಜಾವಾಸಿ ಬಳಸಿದ ಜಾಗದಲ್ಲೇ ನಕಲು ಮಾಡಿ ಇಟ್ಟುಬಿಡುತ್ತದೆ. 'ಜಾವಾಪಿ -ಸಿ ಕಿಟಕಿ' ಎಂದು ಕೊಟ್ಟು ಕ್ಲಾಸ್ ಫೈಲ್‌ನ ಒಳಗನ್ನು ನೋಡಿ. ಸೆಟ್‌ಸೈಜ್ ಕರೆಯುವ ಮೊದಲು 'ಎಸ್‌ಐಪುಶ್ 400' ಎಂದು ಸ್ಪಷ್ಟವಾಗಿ ಬರೆದಿರುತ್ತದೆ, 'ಅಳತೆ' ಕ್ಲಾಸ್‌ನ ಸುಳಿವೇ ಅಲ್ಲಿರುವುದಿಲ್ಲ. ಪರಿಹಾರ: ಕ್ಲಾಸ್ ಫೈಲ್‌ಗಳನ್ನೆಲ್ಲ ಅಳಿಸಿ, ಎಲ್ಲವನ್ನೂ ಒಟ್ಟಿಗೆ ಕಂಪೈಲ್ ಮಾಡುವುದು. ಹಳೆಯ ಫೈಲ್ ಉಳಿದು ಕಾಟ ಕೊಡುವ 'ನೋ ಸಚ್ ಮೆಥಡ್' ಎರರ್‌ಗೂ ಇದೇ ಮದ್ದು. ಅಳಿಸುವಾಗ ಬಾಲ ನೋಡಿ ಅಳಿಸಿ. ಕ್ಲಾಸ್ ಫೈಲ್ ಮತ್ತೆ ಹುಟ್ಟುತ್ತದೆ, ಜಾವಾ ಫೈಲ್ ಹುಟ್ಟುವುದಿಲ್ಲ.

ಪ್ಯಾಕೇಜ್: ಎಲ್ಲಿ ನಿಂತು ಕರೆಯುತ್ತಿದ್ದೀರಿ?

ನಮ್ಮ ಕಡೆ ಊರು ಮತ್ತು ತಂದೆಯ ಹೆಸರಿನ ಇನಿಷಿಯಲ್ ಸೇರಿಯೇ ಒಬ್ಬರ ಹೆಸರು ಪೂರ್ತಿಯಾಗುವ ಹಾಗೆ, ಪ್ಯಾಕೇಜ್ ಸೇರಿಯೇ ಕ್ಲಾಸ್‌ನ ಹೆಸರು ಪೂರ್ತಿ. 'ಪ್ಯಾಕೇಜ್ ಶಾಲೆ' ಎಂದು ಮೊದಲ ಸಾಲು ಬರೆದ ಮೇಲೆ 'ಅಂಕಪಟ್ಟಿ' ಎಂಬ ಕ್ಲಾಸ್ ಜಾವಾದ ಮಟ್ಟಿಗೆ ಇಲ್ಲ, ಇರುವುದು 'ಶಾಲೆ.ಅಂಕಪಟ್ಟಿ' ಮಾತ್ರ. ಚುಕ್ಕಿ ಇದ್ದಲ್ಲಿ ಫೋಲ್ಡರ್ ಇರಬೇಕು.

'ಲ್ಯಾಬ್' ಎಂಬ ಫೋಲ್ಡರ್‌ನೊಳಗೆ 'ಶಾಲೆ' ಎಂಬ ಫೋಲ್ಡರ್, ಅದರೊಳಗೆ 'ಅಂಕಪಟ್ಟಿ.ಜಾವಾ' ಇದೆ ಎಂದುಕೊಳ್ಳಿ. ಸರಿಯಾದ ಕ್ರಮ: ಶಾಲೆಯೊಳಗೆ ಹೋಗದೆ ಲ್ಯಾಬ್‌ನಲ್ಲಿ ನಿಂತು,

ಜಾವಾಸಿ ಶಾಲೆ/ಅಂಕಪಟ್ಟಿ.ಜಾವಾ
ಜಾವಾ ಶಾಲೆ.ಅಂಕಪಟ್ಟಿ

ಕಂಪೈಲರ್‌ಗೆ ಕೊಡುವುದು ಫೈಲ್‌ನ ದಾರಿ, ಅದಕ್ಕೆ ಓರೆಗೆರೆ. ಜಾವಾಗೆ ಕೊಡುವುದು ಕ್ಲಾಸ್‌ನ ಹೆಸರು, ಅದಕ್ಕೆ ಚುಕ್ಕಿ, ಕೊನೆಯಲ್ಲಿ '.ಕ್ಲಾಸ್' ಎಂಬ ಬಾಲ ಹಚ್ಚಬಾರದು. ಬಾಲ ಹಚ್ಚಿದರೆ ಅದು 'ಕ್ಲಾಸ್' ಎಂಬ ಹೆಸರಿನ ಕ್ಲಾಸನ್ನು ಹುಡುಕಿಕೊಂಡು ಹೊರಟು ಬರಿಗೈಯಲ್ಲಿ ಮರಳುತ್ತದೆ. ಜಾವಾ 11ರಿಂದ 'ಜಾವಾ ಅಂಕಪಟ್ಟಿ.ಜಾವಾ' ಎಂದು ಮೂಲ ಫೈಲನ್ನೇ ನೇರವಾಗಿ ಓಡಿಸುವ ಸೌಲಭ್ಯ ಬಂದ ಮೇಲಂತೂ ಈ ಗೊಂದಲ ಹೆಚ್ಚಿದೆ: '.ಜಾವಾ' ನಡೆಯುತ್ತದೆ, '.ಕ್ಲಾಸ್' ನಡೆಯುವುದಿಲ್ಲ.

ಶಾಲೆ ಫೋಲ್ಡರ್‌ನ ಒಳಗೇ ನಿಂತು 'ಜಾವಾ ಅಂಕಪಟ್ಟಿ' ಎಂದರೆ ಬರುವ ಎರರ್‌ನಲ್ಲಿ 'ರಾಂಗ್ ನೇಮ್' ಎಂಬ ಮಾತಿರುತ್ತದೆ, ಪಕ್ಕದಲ್ಲಿ ಒಂದೇ ಕ್ಲಾಸ್‌ನ ಎರಡು ರೂಪ: ಗಿಡ್ಡದು, ಉದ್ದದು. ಇದು ಅದೃಷ್ಟದ ಎರರ್ ಎಂದೇ ನನ್ನ ಎಣಿಕೆ, ಏಕೆಂದರೆ ಪರಿಹಾರ ಅದರಲ್ಲೇ ಬರೆದಿದೆ. ಫೈಲ್ ಸಿಕ್ಕಿದೆ, ಕರೆದ ಹೆಸರು ತಪ್ಪಿದೆ. ಉದ್ದದ ಹೆಸರಿನಲ್ಲಿ ಎಷ್ಟು ಓರೆಗೆರೆ ಇವೆಯೋ ಅಷ್ಟು ಮೆಟ್ಟಿಲು ಮೇಲೆ ಬಂದು, ಉದ್ದದ ಹೆಸರಿನಿಂದ ಕರೆಯಿರಿ.

ಸರಿಯಾದ ಜಾಗದಲ್ಲಿ ನಿಂತು ಸರಿಯಾದ ಹೆಸರಿನಿಂದ ಕರೆದರೂ ಸಿಗದಿದ್ದರೆ ಸಂಶಯ ಪಡಬೇಕಾದ್ದು ಕ್ಲಾಸ್‌ಪಾತ್ ಎಂಬ ಪರಿಸರ ಚರವನ್ನು, ಅಂದರೆ ಕ್ಲಾಸ್ ಹುಡುಕುವ ಜಾಗಗಳ ಪಟ್ಟಿಯನ್ನು. ಅದು ಖಾಲಿ ಇದ್ದರೆ ಜಾವಾ ನೀವು ನಿಂತ ಫೋಲ್ಡರ್‌ನಲ್ಲೇ ಹುಡುಕುತ್ತದೆ. ಹಿಂದೆ ಯಾರೋ ಡೇಟಾಬೇಸ್ ಪಾಠಕ್ಕೆಂದು ಅಲ್ಲೊಂದು ಜಾರ್ ಫೈಲ್‌ನ (ಹಲವು ಕ್ಲಾಸ್ ಫೈಲ್‌ಗಳ ಕಟ್ಟು) ದಾರಿ ಬರೆದು ಹೋಗಿದ್ದರೆ, ನಿಂತ ಫೋಲ್ಡರ್ ಪಟ್ಟಿಯಿಂದ ಹೊರಗೆ ಬೀಳುತ್ತದೆ. ಪರೀಕ್ಷಿಸಲು 'ಜಾವಾ -ಸಿಪಿ . ಶಾಲೆ.ಅಂಕಪಟ್ಟಿ' ಎಂದು ಕೊಡಿ. ಚುಕ್ಕಿ ಎಂದರೆ ಇದೇ ಫೋಲ್ಡರ್. ಈಗ ಓಡಿದರೆ ಕಳ್ಳ ಸಿಕ್ಕ. ಜಾರ್ ಫೈಲೂ ಬೇಕಿದ್ದರೆ ಎರಡರ ನಡುವೆ ವಿಂಡೋಸ್‌ನಲ್ಲಿ ಅರ್ಧವಿರಾಮ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ವಿವರಣ ಚಿಹ್ನೆಯ ಎರಡು ಚುಕ್ಕಿ. ವಿಂಡೋಸ್‌ನ ಆದೇಶವನ್ನು ಲಿನಕ್ಸ್‌ಗೆ ಹಾಗೆಯೇ ಅಂಟಿಸಿದರೆ ಅರ್ಧವಿರಾಮದಲ್ಲಿ ಆದೇಶವೇ ಮುಗಿದುಹೋಗುತ್ತದೆ.

ಯಾವ ಕ್ಲಾಸ್ ಎಲ್ಲಿಂದ ಬಂತು ಎಂದು ಜಾವಾವನ್ನೇ ಕೇಳಬಹುದು: 'ಜಾವಾ -ವರ್ಬೋಸ್:ಕ್ಲಾಸ್'. ನೂರಾರು ಸಾಲು ಸುರಿಯುತ್ತದೆ. ನಿಮ್ಮ ಕ್ಲಾಸ್‌ನ ಸಾಲು ಹುಡುಕಿ. ಬೇರಾವುದೋ ಫೋಲ್ಡರ್‌ನ ಹಳೆಯ ಪ್ರತಿ ಓಡುತ್ತಿದ್ದರೆ ಅದರ ವಿಳಾಸ ಅಲ್ಲೇ ಇರುತ್ತದೆ. ಊಹೆ ಮಾಡುತ್ತ ಕೂರುವುದಕ್ಕಿಂತ ಇದು ಸಾವಿರ ಪಾಲು ವಾಸಿ.

ಇನ್ನೆರಡು ಚಿಕ್ಕ ಮಾತು. ಪ್ಯಾಕೇಜ್ ಸಾಲು ಇಲ್ಲದ ಕ್ಲಾಸನ್ನು ಪ್ಯಾಕೇಜ್ ಒಳಗಿರುವ ಕ್ಲಾಸ್ ಇಂಪೋರ್ಟ್ ಮಾಡಲು ಬರುವುದಿಲ್ಲ; ಅದಕ್ಕೂ ಒಂದು ಪ್ಯಾಕೇಜ್ ಕೊಡಿ. 'ನಾಟ್ ಪಬ್ಲಿಕ್' ಎಂದು ಕಂಪೈಲರ್ ತಕರಾರು ತೆಗೆದರೆ ಕ್ಲಾಸ್ ಸಿಕ್ಕಿದೆ, ಆದರೆ ಹೊರಗಿನವರಿಗೆ ಬಾಗಿಲು ತೆರೆದಿಲ್ಲ. ಕ್ಲಾಸ್‌ಗೆ ಮಾತ್ರವಲ್ಲ, ಹೊರಗಿನಿಂದ ಕರೆಯುವ ಕನ್‌ಸ್ಟ್ರಕ್ಟರ್ ಮತ್ತು ಮೆಥಡ್‌ಗಳಿಗೂ ಪಬ್ಲಿಕ್ ಬೇಕು.

ಕಿಟಕಿಗಳ ಮೌನ

ಮೊದಲು ಹಳೆಯ ಟಿಪ್ಪಣಿಗಳನ್ನು ಪಕ್ಕಕ್ಕಿಡಿ. ಆಪ್ಲೆಟ್ (ಬ್ರೌಸರ್‌ನೊಳಗೆ ಓಡುತ್ತಿದ್ದ ಪುಟ್ಟ ಜಾವಾ ಪ್ರೋಗ್ರಾಮ್) ಬರೆಸುವ ಲ್ಯಾಬ್ ಟಿಪ್ಪಣಿಗಳು ಇನ್ನೂ ಕೈಯಿಂದ ಕೈಗೆ ದಾಟುತ್ತಿವೆ, ಆದರೆ ಆಪ್ಲೆಟ್‌ವ್ಯೂವರ್ ಎಂಬ ಆದೇಶವನ್ನು ಜೆಡಿಕೆ 11ರಲ್ಲೇ ತೆಗೆದುಹಾಕಲಾಗಿದೆ. ಕಿಟಕಿ ಕಟ್ಟುವ ಮತ್ತೊಂದು ಸಾಮಗ್ರಿಯಾದ ಜಾವಾಎಫ್‌ಎಕ್ಸ್ ಕೂಡ ಆ ಆವೃತ್ತಿಯಿಂದ ಜೆಡಿಕೆಯ ಜೊತೆಗೆ ಬರುವುದಿಲ್ಲ, ಬೇರೆಯಾಗಿ ತರಬೇಕು. ಕಲಿಕೆಗೆ ಸ್ವಿಂಗ್ ಸಾಕು.

ಕಿಟಕಿ ಬರಲೇ ಇಲ್ಲ, ಪ್ರಾಂಪ್ಟ್ ತಕ್ಷಣ ಮರಳಿತು ಎಂದರೆ ಸೆಟ್‌ವಿಸಿಬಲ್ ಟ್ರೂ ಕರೆದಿಲ್ಲ, ಅಥವಾ ಮೇನ್‌ನಲ್ಲಿ ಕಿಟಕಿಯ ಆಬ್ಜೆಕ್ಟನ್ನೇ ಸೃಷ್ಟಿಸಿಲ್ಲ. 'ಹೆಡ್‌ಲೆಸ್ ಎಕ್ಸೆಪ್ಶನ್' ಬಂದರೆ ಆ ಯಂತ್ರದಲ್ಲಿ ಜಾವಾಗೆ ಪರದೆ ಸಿಗುತ್ತಿಲ್ಲ. ಲಿನಕ್ಸ್‌ನಲ್ಲಿ 'ಹೆಡ್‌ಲೆಸ್' ಎಂಬ ಬಾಲವಿರುವ ಜಾವಾ ಸ್ಥಾಪಿಸಿಕೊಂಡಿದ್ದರೂ ಹೀಗಾಗುತ್ತದೆ. ಎಡ ಮೇಲ್ಮೂಲೆಯಲ್ಲಿ ಶೀರ್ಷಿಕೆಪಟ್ಟಿಯ ಚೂರು ಮಾತ್ರ ಕಂಡರೆ ಸೆಟ್‌ಸೈಜ್ ಅಥವಾ ಪ್ಯಾಕ್ ಇಲ್ಲ, ಇಲ್ಲವೇ ಏನನ್ನೂ ಸೇರಿಸುವ ಮೊದಲೇ ಪ್ಯಾಕ್ ಕರೆದಿದ್ದೀರಿ.

ಕಿಟಕಿ ಬಂತು, ಒಳಗೆ ಖಾಲಿ. ಇಲ್ಲಿ ಕಾರಣಗಳು ಹಲವು, ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತವೆ. ಹಾಗಾಗಿ ಕಿಟಕಿಯನ್ನೇ ಬಾಯಿ ಬಿಡಿಸಿ: ಸೆಟ್‌ವಿಸಿಬಲ್ ಮತ್ತು ಸೇರಿಸುವ ಕೆಲಸವೆಲ್ಲ ಮುಗಿದ ಮೇಲೆ ಜೆಫ್ರೇಮ್‌ನ 'ಲಿಸ್ಟ್' ಮೆಥಡ್ ಕರೆಯಿರಿ. ಕಿಟಕಿಯೊಳಗೆ ಏನೇನಿದೆ ಎಂಬುದರ ಪೂರ್ತಿ ವಂಶವೃಕ್ಷ ಟರ್ಮಿನಲ್‌ನಲ್ಲಿ ಬೀಳುತ್ತದೆ, ಒಂದೊಂದರ ಜಾಗ ಮತ್ತು ಅಳತೆ ಸಮೇತ. ನಿಮ್ಮ ಬಟನ್ ಆ ಪಟ್ಟಿಯಲ್ಲಿ ಇಲ್ಲವೇ? ಹಾಗಾದರೆ ಸೇರಿಸಿಯೇ ಇಲ್ಲ. ಸಾಮಾನ್ಯವಾಗಿ ಬಟನ್ನನ್ನು ಪ್ಯಾನೆಲ್‌ಗೆ ಸೇರಿಸಿ ಪ್ಯಾನೆಲನ್ನು ಕಿಟಕಿಗೆ ಸೇರಿಸಲು ಮರೆತಿರುತ್ತಾರೆ. ಇದೆ, ಆದರೆ ಅಳತೆ ಸೊನ್ನೆ ಗುಣಿಸು ಸೊನ್ನೆ ಎಂದಿದ್ದು, ಸಾಲಿನಲ್ಲಿ 'ಇನ್‌ವ್ಯಾಲಿಡ್' ಎಂಬ ಪದವೂ ಇದ್ದರೆ, ಕಿಟಕಿ ತೆರೆದ ಮೇಲೆ ಸೇರಿಸಿದ್ದೀರಿ. ರಿವ್ಯಾಲಿಡೇಟ್, ರಿಪೇಂಟ್ ಕರೆಯಿರಿ, ಅಥವಾ ಸೆಟ್‌ವಿಸಿಬಲ್ ಸಾಲನ್ನು ಕೊನೆಗೆ ಒಯ್ಯಿರಿ. 'ಇನ್‌ವ್ಯಾಲಿಡ್' ಇಲ್ಲದೆ ಬರೀ ಸೊನ್ನೆ ಇದ್ದರೆ ಸೆಟ್‌ಲೇಔಟ್‌ಗೆ ನಲ್ ಕೊಟ್ಟು ಸೆಟ್‌ಬೌಂಡ್ಸ್ ಮರೆತಿರಬಹುದು. ಎರಡು ಬಟನ್ ಸೇರಿಸಿದರೂ ಕೊನೆಯದೊಂದೇ ಇಡೀ ಕಿಟಕಿ ತುಂಬಿಕೊಂಡಿದ್ದರೆ ಅದು ಬಾರ್ಡರ್‌ಲೇಔಟ್‌ನ ಕೆಲಸ. ಜೆಫ್ರೇಮ್‌ಗೆ ಹುಟ್ಟಿನಿಂದ ಬರುವ ಲೇಔಟ್ ಅದೇ. ದಿಕ್ಕು ಹೇಳದೆ ಸೇರಿಸಿದ್ದೆಲ್ಲ ನಡುವಿನ ಒಂದೇ ಜಾಗಕ್ಕೆ ಹೋಗುತ್ತದೆ, ಒಂದರ ಜಾಗ ಇನ್ನೊಂದು ಕಸಿದುಕೊಳ್ಳುತ್ತದೆ.

ಬಟನ್ ಒತ್ತಿದೊಡನೆ ಇವೆಂಟ್‌ಕ್ಯೂ ಥ್ರೆಡ್‌ನಲ್ಲಿ 'ನಲ್ ಪಾಯಿಂಟರ್' ಬಂದರೆ ಕನ್‌ಸ್ಟ್ರಕ್ಟರ್‌ನ ಸಾಲುಗಳನ್ನು ನೋಡಿ. ಕ್ಲಾಸ್ ಮಟ್ಟದಲ್ಲಿ ಜೆಟೆಕ್ಸ್ಟ್‌ಫೀಲ್ಡ್ ಘೋಷಿಸಿ, ಕನ್‌ಸ್ಟ್ರಕ್ಟರ್‌ನೊಳಗೆ ಮತ್ತೆ ಅದೇ ಹೆಸರಿನ ಮುಂದೆ ಜೆಟೆಕ್ಸ್ಟ್‌ಫೀಲ್ಡ್ ಎಂದು ಬರೆದರೆ ಹುಟ್ಟುವುದು ಹೊಸ ಸ್ಥಳೀಯ ಚರ. ಮೇಲಿನದು ನಲ್ ಆಗಿಯೇ ಉಳಿಯುತ್ತದೆ. ಪರದೆಯ ಮೇಲೆ ಪೆಟ್ಟಿಗೆ ಕಾಣುತ್ತಿರುತ್ತದಾದ್ದರಿಂದ ನಲ್ ಎಂದರೆ ಯಾರೂ ನಂಬುವುದಿಲ್ಲ. ಜಾವಾ 15ರಿಂದೀಚೆಗೆ ಯಾವುದು ನಲ್ ಎಂಬುದನ್ನು ಸಂದೇಶವೇ ಹೇಳುತ್ತದೆ.

ಬಟನ್ ಒತ್ತಿದರೆ ಇಡೀ ಕಿಟಕಿ ಮರಗಟ್ಟುತ್ತದೆಯೇ? ಲಿಸನರ್‌ನೊಳಗೆ ಥ್ರೆಡ್.ಸ್ಲೀಪ್ ಅಥವಾ ಉದ್ದದ ಲೂಪ್ ಇದೆ. ಕಿಟಕಿಗೆ ಬಣ್ಣ ಬಳಿಯುವುದೂ, ಕ್ಲಿಕ್ ಕೇಳಿಸಿಕೊಳ್ಳುವುದೂ ಒಂದೇ ಥ್ರೆಡ್. ಅದನ್ನು ಮಲಗಿಸಿದರೆ ಎರಡೂ ನಿಲ್ಲುತ್ತವೆ. ಖಚಿತಪಡಿಸಿಕೊಳ್ಳಲು ಇನ್ನೊಂದು ಟರ್ಮಿನಲ್ ತೆರೆದು 'ಜೆಪಿಎಸ್' ಕೊಟ್ಟು ಪ್ರಕ್ರಿಯೆಯ ಸಂಖ್ಯೆ ಹಿಡಿಯಿರಿ, 'ಜೆಸ್ಟ್ಯಾಕ್' ಮುಂದೆ ಆ ಸಂಖ್ಯೆ ಕೊಡಿ. ಇವೆಂಟ್‌ಕ್ಯೂ ಥ್ರೆಡ್ ಯಾವ ಸಾಲಿನಲ್ಲಿ ಸಿಕ್ಕಿಬಿದ್ದಿದೆ ಎಂಬುದು ಕಾಣುತ್ತದೆ. ಗಡಿಯಾರದಂಥ ಕೆಲಸಕ್ಕೆ ಸ್ವಿಂಗ್‌ನ ಟೈಮರ್, ಹೊತ್ತು ಹಿಡಿಯುವ ಲೆಕ್ಕಕ್ಕೆ ಸ್ವಿಂಗ್‌ವರ್ಕರ್ ಬಳಸಿ.

ಬರೆದ ಚಿತ್ರ ಕಿಟಕಿಯನ್ನು ಕಿರಿದು ಮಾಡಿ ಹಿರಿದು ಮಾಡಿದರೆ ಅಳಿಸಿಹೋಗುವುದು ಗೆಟ್‌ಗ್ರಾಫಿಕ್ಸ್‌ನಿಂದ ಚಿತ್ರ ಬರೆದಾಗ. ಚಿತ್ರ ಇರಬೇಕಾದ್ದು ಪೇಂಟ್‌ಕಾಂಪೊನೆಂಟ್‌ನೊಳಗೆ. ಅಲ್ಲಿ ಬರೆದರೂ ಕಾಣದಿದ್ದರೆ ಹೆಸರಿನ ನಡುವಿನ ಸಿ ದೊಡ್ಡಕ್ಷರವೇ ನೋಡಿ, ಮೆಥಡ್ ಮೇಲೆ 'ಓವರ್‌ರೈಡ್' ಗುರುತು ಹಾಕಿ. ಆಗ ಮೌನವಾಗಿದ್ದ ದೋಷ ಕಂಪೈಲರ್ ದೂರಾಗಿ ಬದಲಾಗುತ್ತದೆ. ಕಿಟಕಿ ಮುಚ್ಚಿದರೂ ಪ್ರಾಂಪ್ಟ್ ಮರಳದಿದ್ದರೆ ಗಾಬರಿ ಬೇಡ: ಮುಚ್ಚುವ ಗುರುತು ಒತ್ತಿದಾಗ ಜೆಫ್ರೇಮ್ ಬರೀ ಮರೆಯಾಗುತ್ತದೆ, ಸಾಯುವುದಿಲ್ಲ. ಸೆಟ್‌ಡಿಫಾಲ್ಟ್‌ಕ್ಲೋಸ್‌ಆಪರೇಶನ್‌ಗೆ ಎಕ್ಸಿಟ್ ಆನ್ ಕ್ಲೋಸ್ ಕೊಡಿ.

ಕಿಟಕಿಯಲ್ಲಿ ಕನ್ನಡ

ಕನ್ನಡ ಬರೆದ ಲೇಬಲ್ ಕೆಟ್ಟಾಗ ಮೊದಲು ಕೇಳಬೇಕಾದ್ದು ಹೇಗೆ ಕೆಟ್ಟಿದೆ ಎಂದು. ಕಸದ ಅಕ್ಷರಗಳಿಗೆ ಒಂದು ಕಾರಣ, ಖಾಲಿ ಚೌಕಗಳಿಗೆ ಇನ್ನೊಂದು, ಪ್ರಶ್ನಾರ್ಥಕ ಚಿಹ್ನೆಗಳಿಗೆ ಮತ್ತೊಂದು.

ಒಂದೊಂದು ಕನ್ನಡ ಅಕ್ಷರದ ಜಾಗದಲ್ಲಿ ಮೂರು ಮೂರು ಯುರೋಪಿಯನ್ ಚಿಹ್ನೆಗಳು ಬಂದಿದ್ದರೆ ಫೈಲನ್ನು ತಪ್ಪು ಎನ್‌ಕೋಡಿಂಗ್‌ನಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಪದ್ಧತಿ) ಓದಲಾಗಿದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್. ಜಾವಾ 17 ಮತ್ತು ಹಿಂದಿನ ಜಾವಾಸಿ ವಿಂಡೋಸ್‌ನಲ್ಲಿ ಅದನ್ನು ಸಾಮಾನ್ಯವಾಗಿ ವಿಂಡೋಸ್-1252 ಎಂದು ಭಾವಿಸಿ ಬೈಟಿಗೊಂದು ಅಕ್ಷರ ಮಾಡುತ್ತದೆ. ಇಲ್ಲೊಂದು ಮಜಾ ಇದೆ. 'ಕಮಲ' ಎಂದು ಬರೆದರೆ ಜಾವಾಸಿ ತುಟಿಪಿಟಕ್ಕೆನ್ನದೆ ಕಸ ಮಾಡುತ್ತದೆ, 'ಅಮ್ಮ' ಎಂದು ಬರೆದರೆ 'ಅನ್‌ಮ್ಯಾಪಬಲ್ ಕ್ಯಾರೆಕ್ಟರ್' ಎಂದು ಗೊಣಗುತ್ತದೆ. ಒತ್ತಕ್ಷರ ಮಾಡುವ ವಿರಾಮ ಚಿಹ್ನೆಯ ಮೂರನೆಯ ಬೈಟ್ 8ಡಿ. ವಿಂಡೋಸ್-1252ರಲ್ಲಿ ಆ ಮನೆ ಖಾಲಿ. ಉಕಾರದ ಕೊಂಬು, ಏ, ಐ, ಝ ಇದ್ದರೂ ಇದೇ ಕಥೆ. ಒಂದು ಸಾಲು ಸರಿ, ಇನ್ನೊಂದು ತಪ್ಪು ಎಂದು ಸಾಲುಗಳನ್ನು ಶೋಧಿಸುತ್ತ ಕೂರಬೇಡಿ, ಎರಡೂ ಕೆಟ್ಟಿವೆ. 'ಜಾವಾಸಿ -ಎನ್‌ಕೋಡಿಂಗ್ ಯುಟಿಎಫ್-8' ಎಂದು ಕೊಟ್ಟರೆ ಸರಿಹೋಗುತ್ತದೆ. 2022ರಲ್ಲಿ ಬಂದ ಜಾವಾ 18ರಿಂದ ಯುಟಿಎಫ್-8 ತಾನಾಗಿಯೇ ಜಾರಿಯಲ್ಲಿದೆ.

ಹಳೆಯ ನೋಟ್‌ಪ್ಯಾಡ್‌ನಲ್ಲಿ ಯುಟಿಎಫ್-8 ಎಂದು ಉಳಿಸಿದರೆ ಫೈಲ್‌ನ ತಲೆಯಲ್ಲಿ ಕಣ್ಣಿಗೆ ಕಾಣದ ಗುರುತೊಂದು ಸೇರಿ, ಜಾವಾಸಿ ಮೊದಲ ಸಾಲಿನಲ್ಲೇ 'ಇಲ್ಲೀಗಲ್ ಕ್ಯಾರೆಕ್ಟರ್' ಎನ್ನುತ್ತದೆ. ಬೇರೆ ಸಂಪಾದಕದಲ್ಲಿ ಬಿಒಎಂ ಎಂಬ ಆ ಗುರುತು ಇಲ್ಲದೆ ಉಳಿಸಿ. ಪ್ರಶ್ನಾರ್ಥಕ ಚಿಹ್ನೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಮಾತ್ರ ಬರುತ್ತಿದ್ದು ಕಿಟಕಿಯಲ್ಲಿ ಕನ್ನಡ ಸರಿಯಿದ್ದರೆ ನಿಮ್ಮ ಫೈಲ್ ಸರಿಯಿದೆ, ಸೋತದ್ದು ಪ್ರಾಂಪ್ಟ್. ಜಾವಾದಲ್ಲಿ ಕ್ಲಾಸ್‌ಗಳಿಗೂ ಚರಗಳಿಗೂ ಕನ್ನಡದಲ್ಲೇ ಹೆಸರಿಡಬಹುದು ಎಂಬುದು ನಿಜ. ಚರಗಳಿಗೆ ಇಟ್ಟು ನೋಡಿ, ಖುಷಿಯಾಗುತ್ತದೆ. ಆದರೆ ಕ್ಲಾಸ್‌ನ ಹೆಸರು ಫೈಲ್ ಹೆಸರೂ ಆಗುವುದರಿಂದ ಕಲಿಯುವ ಹಂತದಲ್ಲಿ ಅಲ್ಲಿ ಬೇಡ.

ಚೌಕಗಳು ಕಂಡರೆ ಅಕ್ಷರ ಸರಿಯಾಗಿಯೇ ಬಂದಿದೆ, ಬರೆಯಲು ಫಾಂಟ್ ಇಲ್ಲ. ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಅಥವಾ ತುಂಗಾ, ಲಿನಕ್ಸ್‌ನಲ್ಲಿ ನೋಟೊ ಸಾನ್ಸ್ ಕನ್ನಡ ಅಥವಾ ಲೋಹಿತ್ ಕನ್ನಡ ಫಾಂಟನ್ನು ಸೆಟ್‌ಫಾಂಟ್‌ನಿಂದ ಕೊಡಿ. ಫಾಂಟ್ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಜಾವಾ ಎರರ್ ಕೊಡುವುದಿಲ್ಲ, ಸದ್ದಿಲ್ಲದೆ ಬೇರೊಂದು ಫಾಂಟ್ ಹಾಕಿಬಿಡುತ್ತದೆ. ಆದ್ದರಿಂದ ಫಾಂಟ್ ಆಬ್ಜೆಕ್ಟ್‌ನ 'ಕ್ಯಾನ್‌ಡಿಸ್‌ಪ್ಲೇಅಪ್‌ಟು' ಮೆಥಡ್‌ಗೆ ನಿಮ್ಮ ವಾಕ್ಯ ಕೊಟ್ಟು ಉತ್ತರ ಮುದ್ರಿಸಿ ನೋಡಿ. -1 ಬಂದರೆ ಆ ಫಾಂಟ್ ಪೂರ್ತಿ ವಾಕ್ಯವನ್ನು ಬರೆಯಬಲ್ಲದು. 0 ಬಂದರೆ ಮೊದಲ ಅಕ್ಷರವೇ ಅದಕ್ಕೆ ಗೊತ್ತಿಲ್ಲ, ಫಾಂಟ್‌ನ ಹೆಸರನ್ನೇ ಮತ್ತೊಮ್ಮೆ ಪರಿಶೀಲಿಸಿ.